ಕರೆಂಟು ಎಲ್ಲಿಂದ ಬರುತ್ತದೆ? — ಎಳೆಯರಿಗೆ ಶಕ್ತಿಯ ಪಾಠ

“ಕರೆಂಟು ಹೋಯಿತು”, “ಕರೆಂಟು ಬಂತು” ಎಂಬ ಎರಡು ಮಾತುಗಳನ್ನು ನಮ್ಮ ಮಕ್ಕಳು ಬಹು ಬೇಗ ಕಲಿಯುತ್ತಾರೆ. ನಾಲ್ಕೈದು ವರ್ಷ ತುಂಬಿದ ಮಗು ಒಂದು ಹೆಜ್ಜೆ ಮುಂದೆ ಹೋಗಿ, “ಎಲ್ಲಿಗೆ ಹೋಯಿತು? ಎಲ್ಲಿಂದ ಬಂತು?” ಎಂದು ಕೇಳುತ್ತದೆ. ದೊಡ್ಡವರಾದ ನಾವು ಬೀದಿಯ ಕಂಬವನ್ನು ತೋರಿಸಿ ಸುಮ್ಮನಾಗುತ್ತೇವೆ. ಕಂಬಕ್ಕೆ ಎಲ್ಲಿಂದ ಬಂತೆಂದು ಮಗು ಮತ್ತೆ ಕೇಳಿದರೆ ಅಧಿಕಪ್ರಸಂಗವೆಂದು ಗದರಿಸುವುದೂ ಉಂಟು. ವಿಚಾರಮಾಡಿ ನೋಡಿದರೆ ಆ ಎರಡನೆಯ ಪ್ರಶ್ನೆಯೇ ವಿಜ್ಞಾನದ ಪಾಠದ ಮೊದಲನೆಯ ಸಾಲು. ಅದಕ್ಕೆ ಉತ್ತರ ಹೇಳುವ ಕೆಲಸವನ್ನು ಪೂರ್ತಿಯಾಗಿ ಶಾಲೆಯ ಮೇಷ್ಟರಿಗೆ ಬಿಟ್ಟುಬಿಡುವುದು ಸರಿಯಲ್ಲ. ಮನೆಯ ಅಡಿಗೆಮನೆ, ಹಿತ್ತಲು, ಮಹಡಿ ಇವುಗಳೇ ಈ ಪಾಠಕ್ಕೆ ತಕ್ಕ ಪ್ರಯೋಗಶಾಲೆಗಳು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಮಕ್ಕಳಿಗೆ ಈ ಪಾಠ ಬರಿಯ ಪರೀಕ್ಷೆಯ ವಿಷಯವಲ್ಲ. ವರ್ಷಪೂರ್ತಿ ಹರಿಯುವ ನದಿ ಈ ಸೀಮೆಯಲ್ಲಿಲ್ಲ. ಕುಡಿಯುವ ನೀರು, ಟೊಮ್ಯಾಟೊ ತೋಟ, ಹಿಪ್ಪುನೇರಳೆ, ಹಸುವಿನ ಮೇವು ಎಲ್ಲವೂ ಬಹುಮಟ್ಟಿಗೆ ಕೊಳವೆಬಾವಿಯನ್ನು ನಂಬಿವೆ. ಕೊಳವೆಬಾವಿ ಕರೆಂಟನ್ನು ನಂಬಿದೆ. ಇಂದು ಹೋಳಿಗೆಗೆ ಹಟಮಾಡುವ ಮಗುವೇ ಇನ್ನಿಪ್ಪತ್ತು ವರ್ಷಗಳಲ್ಲಿ ಮತ್ತೊಂದು ಬಾವಿ ಕೊರೆಯಿಸುವುದೋ ಬೇಡವೋ, ಮಹಡಿಯ ಮೇಲೆ ಸೌರಫಲಕ ಹಾಕಿಸುವುದೋ ಬೇಡವೋ ಎಂದು ತೀರ್ಮಾನಿಸಬೇಕಾಗುತ್ತದೆ. ಆಗ ಅದರ ಬುದ್ಧಿಗೆ ಆಧಾರವಾಗುವುದು ಇಂದು ನಾವು ಹಾಕಿಕೊಟ್ಟ ಅಡಿಪಾಯ.

ಮೊದಲು ಒಂದು ಎಚ್ಚರಿಕೆ. “ಶಕ್ತಿ” ಎಂಬ ಪದವನ್ನು ಬಾಯಿಪಾಠ ಮಾಡಿಸುವುದರಿಂದ ಏನೂ ಪ್ರಯೋಜನವಿಲ್ಲ. ಅಮೆರಿಕದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1966ರಲ್ಲಿ ವಿಜ್ಞಾನದ ಅಧ್ಯಾಪಕರ ಮುಂದೆ ಮಾತನಾಡುತ್ತ ಇದನ್ನೇ ಎತ್ತಿ ಹೇಳಿದರು. ಎಳೆಯ ಮಕ್ಕಳ ಪುಸ್ತಕವೊಂದರಲ್ಲಿ ಕೀಲಿ ಕೊಡುವ ಆಟಿಕೆಯ ಚಿತ್ರ ತೋರಿಸಿ ಇದನ್ನು ಓಡಿಸುವುದು ಯಾವುದೆಂದು ಕೇಳಿ, “ಶಕ್ತಿ” ಎಂಬ ಒಂದೇ ಉತ್ತರವನ್ನು ಎಲ್ಲಕ್ಕೂ ಕೊಟ್ಟಿದ್ದರಂತೆ. ಇದರಿಂದ ಮಗು ಒಂದು ಪದವನ್ನು ಕಲಿಯಿತೇ ಹೊರತು ವಿಷಯವನ್ನು ಕಲಿಯಲಿಲ್ಲ ಎಂಬುದು ಅವರ ಆಕ್ಷೇಪಣೆ. ಆಟಿಕೆಯನ್ನು ಬಿಚ್ಚಿ ಒಳಗಿನ ಸ್ಪ್ರಿಂಗನ್ನು ತೋರಿಸಬೇಕು; ಅದನ್ನು ಸುತ್ತಿದ್ದು ಮಗುವಿನ ಕೈ; ಕೈಗೆ ಕಸುವು ಬಂದದ್ದು ಊಟದಿಂದ; ಊಟ ಬೆಳೆದದ್ದು ಬಿಸಿಲಿನಿಂದ. ಹೀಗೆ ಒಂದರ ಹಿಂದೆ ಒಂದನ್ನು ಹಿಡಿದು ಹೋಗುವುದೇ ಪಾಠ.

ಈ ಸೀಮೆಯಲ್ಲಿ ಇನ್ನೊಂದು ತೊಡಕೂ ಉಂಟು. ಕೋಲಾರಮ್ಮನ ಊರಿನ ಮಗುವಿಗೆ ಶಕ್ತಿಯೆಂದರೆ ಮೊದಲು ನೆನಪಾಗುವುದು ದೇವಿ. ಮನೆಯಲ್ಲಿ ತೆಲುಗೋ ತಮಿಳೋ ಉರ್ದುವೋ ಆಡಿಕೊಂಡು ಶಾಲೆಯಲ್ಲಿ ಕನ್ನಡದಲ್ಲಿ ಓದುವ ಮಕ್ಕಳೂ ಅನೇಕರಿದ್ದಾರೆ. ಆದಕಾರಣ ಪದ ಹಿಂದಿರಲಿ, ಕೆಲಸ ಮುಂದಿರಲಿ. “ಜ್ವರ ಬಂದು ಮೈಯಲ್ಲಿ ಕಸುವಿಲ್ಲ” ಎಂದರೆ ಯಾವ ಮಗುವಿಗೂ ಅರ್ಥವಾಗುತ್ತದೆ. ಎತ್ತುವುದಕ್ಕೆ, ಓಡುವುದಕ್ಕೆ, ಕಾಯಿಸುವುದಕ್ಕೆ, ಬೆಳಗುವುದಕ್ಕೆ ಬೇಕಾದ ಕಸುವೇ ಶಕ್ತಿ ಎಂದು ಅಲ್ಲಿಂದ ಆರಂಭಿಸಬಹುದು.

ಐದಾರು ವರ್ಷದ ಮಕ್ಕಳಿಗೆ “ಅದಕ್ಕೆ ಮುಂಚೆ?” ಎಂಬ ಆಟ ಬಹಳ ರುಚಿಸುತ್ತದೆ. ತಟ್ಟೆಯಲ್ಲಿರುವ ರಾಗಿಮುದ್ದೆಯಿಂದ ಹೊರಡಿ. ಮುದ್ದೆಗೆ ಮುಂಚೆ ಹಿಟ್ಟು, ಹಿಟ್ಟಿಗೆ ಮುಂಚೆ ರಾಗಿಯ ತೆನೆ, ತೆನೆಗೆ ಮುಂಚೆ ಎಲೆಯ ಮೇಲೆ ಬಿದ್ದ ಬಿಸಿಲು. ಹಾಲಿನಿಂದ ಹೊರಡಿ: ಹಸು, ಹುಲ್ಲು, ಬಿಸಿಲು. ಒಲೆಯ ಸೌದೆಯಿಂದ ಹೊರಡಿ: ಮರ, ಎಲೆ, ಬಿಸಿಲು. ಮಳೆಯಿಂದ ಹೊರಟರೂ ಅಷ್ಟೆ. ಸಮುದ್ರದ ನೀರನ್ನು ಆವಿಮಾಡಿ ಮೇಲೆತ್ತಿದವನು ಸೂರ್ಯ. ಗಾಳಿಯೂ ಭೂಮಿ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕಾದದ್ದರಿಂದ ಬೀಸಿದ್ದು. ಕಲ್ಲಿದ್ದಲು, ಪೆಟ್ರೋಲುಗಳಿಂದ ಹೊರಟರೆ ದಾರಿ ಉದ್ದವಾಗುತ್ತದೆ, ಕೋಟಿಗಟ್ಟಲೆ ವರ್ಷಗಳ ಹಿಂದಿನ ಗಿಡಮರಗಳಿಗೂ ಕಡಲಿನ ಸೂಕ್ಷ್ಮಜೀವಿಗಳಿಗೂ ಹೋಗಿ ಮುಟ್ಟುತ್ತದೆ. ಆದರೆ ಕೊನೆಗೆ ಸಿಕ್ಕುವುದು ಅಂದಿನ ಬಿಸಿಲೇ. ನಾಲ್ಕು ದಿನ ಈ ಆಟ ಆಡಿದರೆ ಬಹುಪಾಲು ದಾರಿಗಳು ಸೂರ್ಯನ ಮನೆಗೆ ಸೇರುತ್ತವೆ ಎಂಬುದನ್ನು ಮಗು ತಾನಾಗಿಯೇ ಕಂಡುಕೊಳ್ಳುತ್ತದೆ.

ಹೀಗಾದರೆ ಎಲ್ಲವೂ ಸೂರ್ಯನದೇ ಆದಮೇಲೆ ಸೌದೆ, ಕಲ್ಲಿದ್ದಲು, ಬಿಸಿಲು ಇವುಗಳಲ್ಲಿ ಭೇದವೇನು ಎಂಬ ಪ್ರಶ್ನೆ ಏಳುತ್ತದೆ. ನವೀಕರಿಸಬಹುದಾದ ಶಕ್ತಿಯೆಂದು ಪುಸ್ತಕಗಳಲ್ಲಿ ಬರೆಯುವುದು ಇದನ್ನೇ. ಈ ದೊಡ್ಡ ಮಾತನ್ನು ಒಂದು ಬಟ್ಟಲು ಕಡಲೆಕಾಯಿಯಿಂದ ತಿಳಿಸಬಹುದು. ಎರಡು ಬಟ್ಟಲುಗಳಲ್ಲಿ ಮೂವತ್ತು ಮೂವತ್ತು ಕಡಲೆಕಾಯಿ ಇಡಿ. ಮೊದಲನೆಯದಕ್ಕೆ ಮತ್ತೆ ಏನನ್ನೂ ಹಾಕಬೇಡಿ. ದಿನಕ್ಕೆ ಐದರಂತೆ ಮಗು ತಿನ್ನಲಿ. ಆರು ದಿನಕ್ಕೆ ಬಟ್ಟಲು ಬರಿದಾಗುತ್ತದೆ. ಇದು ಕಲ್ಲಿದ್ದಲು. ಎರಡನೆಯದಕ್ಕೆ ದಿನವೂ ಬೆಳಿಗ್ಗೆ ಐದು ಕಾಯಿ ಹಾಕಿ. ಮಗು ಐದನ್ನೇ ತಿಂದರೆ ಬಟ್ಟಲಲ್ಲಿ ಯಾವಾಗಲೂ ಮೂವತ್ತು ಉಳಿದಿರುತ್ತದೆ. ಇದು ಬಿಸಿಲು, ಗಾಳಿ, ಹರಿಯುವ ನೀರು. ಇನ್ನೊಂದು ಸಲ ಅದೇ ಬಟ್ಟಲಿಗೆ ಐದು ಹಾಕುತ್ತ ಎಂಟು ತೆಗೆಯಲಿ. ದಿನಕ್ಕೆ ಮೂರರಂತೆ ಕುಗ್ಗಿ ಹತ್ತನೆಯ ದಿನ ಅದೂ ಬರಿದಾಗುತ್ತದೆ. ಮರಳಿ ಬರುವ ವಸ್ತುವನ್ನು ಕೂಡ ಬರುವುದಕ್ಕಿಂತ ಹೆಚ್ಚಾಗಿ ತೆಗೆದರೆ ಮುಗಿದುಹೋಗುತ್ತದೆಂಬ ಈ ಮೂರನೆಯ ಪಾಠವೇ ಕೋಲಾರದ ಮಕ್ಕಳಿಗೆ ಮುಖ್ಯವಾದದ್ದು. ಏತಕ್ಕೆಂದರೆ ನಮ್ಮ ಅಂತರ್ಜಲದ ಕಥೆ ಇದೇ. ಮಳೆ ಪ್ರತಿವರ್ಷವೂ ಸ್ವಲ್ಪ ಹಾಕುತ್ತದೆ. ನಾವು ತೆಗೆಯುವುದು ಅದಕ್ಕಿಂತ ಹೆಚ್ಚು.

ಹಿಂದೆ ಇಲ್ಲಿಯ ತೆರೆದ ಬಾವಿಗಳಲ್ಲಿ ಎತ್ತುಗಳು ಕಪಿಲೆ ಎಳೆಯುತ್ತಿದ್ದವು. ನೀರು ಮೇಲಿದ್ದ ಕಡೆ ಏತ ಸಾಕಾಗುತ್ತಿತ್ತು. ಎತ್ತಿನ ಕಸುವು ಹುಲ್ಲಿನದು, ಹುಲ್ಲು ಬಿಸಿಲಿನದು. ಎತ್ತು ದಣಿದಾಗ ನೀರೆತ್ತುವುದೂ ನಿಲ್ಲುತ್ತಿತ್ತು. ರಾತ್ರಿಯೆಲ್ಲ ಬಾವಿಗೆ ಊಟೆ ಬರುತ್ತಿತ್ತು. ಈಗ ಎಷ್ಟೋ ಕಡೆ ಸಾವಿರ ಅಡಿಗೂ ಆಳಕ್ಕೆ ಕೊರೆದಿದ್ದಾರೆ. ಇದರ ಲೆಕ್ಕವನ್ನು ಹತ್ತು ವರ್ಷದ ಮಗುವಿಗೆ ಹೀಗೆ ಹೇಳಬಹುದು. ಸಾವಿರ ಲೀಟರು ನೀರನ್ನು ಮೂವತ್ತು ಅಡಿ ಮೇಲೆತ್ತುವ ಕೆಲಸಕ್ಕೆ ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್ಟಿನ ನಲವತ್ತರಲ್ಲಿ ಒಂದು ಪಾಲು ಸಾಕು. ಅದೇ ನೀರು ಸಾವಿರ ಅಡಿಯಿಂದ ಏರಿಬರಬೇಕಾದರೆ ಅದರ ಮೂವತ್ತಮೂರರಷ್ಟು, ಎಂದರೆ ಯೂನಿಟ್ಟಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬೇಕು. ಪಂಪು, ಮೋಟಾರು, ಕೊಳವೆಗಳಲ್ಲಿ ಅರ್ಧದಷ್ಟು ಸೋರಿಹೋಗುತ್ತದೆಂದು ಹಿಡಿದರೆ ಒಂದೂವರೆ ಯೂನಿಟ್ಟಿಗೂ ಮೇಲಾಗುತ್ತದೆ. ಒಂಬತ್ತು ವ್ಯಾಟಿನ ಒಂದು ಎಲ್‌ಇಡಿ ದೀಪವನ್ನು ದಿನಕ್ಕೆ ಐದು ಗಂಟೆಯಂತೆ ಒಂದು ತಿಂಗಳು ಉರಿಸುವುದಕ್ಕೆ ಇಷ್ಟೇ ಕರೆಂಟು ಸಾಕು. ನಲ್ಲಿಯನ್ನು ತಿರುಗಿಸಿ ಸುಮ್ಮನೆ ಹರಿಯಬಿಟ್ಟರೆ ಹರಿದುಹೋಗುವುದು ನೀರೊಂದೇ ಅಲ್ಲ, ಕರೆಂಟೂ ಹರಿದುಹೋಗುತ್ತದೆ ಎಂದು ಆಗ ಮಗುವಿಗೆ ಬೈಯದೆಯೇ ಹೇಳಬಹುದು.

ಅಂಕಿಗಳು ತಿಳಿಯದ ಚಿಕ್ಕ ಮಕ್ಕಳಿಗೆ ಮೆಟ್ಟಿಲೇ ಸಾಕು. ಒಂದು ಚಿಕ್ಕ ಚೊಂಬು ನೀರನ್ನು ಹಿಡಿದು ಒಂದು ಮಹಡಿ ಹತ್ತಲಿ. ಎರಡನೆಯ ಸಲ ಎರಡು ಮಹಡಿ. ಏದುಸಿರು ಬರುವುದು ಯಾವಾಗ ಎಂದು ಕೇಳಿ. ನೀರು ಎಷ್ಟು ಹೆಚ್ಚೋ, ಎತ್ತರ ಎಷ್ಟು ಹೆಚ್ಚೋ ಅಷ್ಟು ಕಸುವು ಬೇಕು ಎಂಬುದನ್ನು ಅದರ ಕಾಲುಗಳೇ ಕಲಿಸುತ್ತವೆ.

ಎಂಟು ಹತ್ತು ವರ್ಷದವರಿಗೆ ನಮ್ಮ ಜಿಲ್ಲೆಯ ಒಂದು ನಿಜವಾದ ಕಥೆ ಇದೆ. ಅದನ್ನು ರಾತ್ರಿ ಊಟವಾದ ಮೇಲೆ ಹೇಳಬೇಕು. ಕೋಲಾರದ ಚಿನ್ನದ ಗಣಿಗಳಲ್ಲಿ ಮೊದಲು ಉಗಿಯಂತ್ರಗಳಿದ್ದವು. ಅವುಗಳ ಹೊಟ್ಟೆಗೆ ಸೌದೆ, ಕಲ್ಲಿದ್ದಲು ಬೇಕು. ಸುತ್ತಿನ ಕಾಡು ಕರಗತೊಡಗಿತು. ಕಲ್ಲಿದ್ದಲಿಗೆ ಹಣ ಸುರಿಯಬೇಕಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರದ ಎಂಜಿನಿಯರಾಗಿದ್ದ ಡಿ ಲಾಟ್ಬಿನಿಯೆರ್ ಅವರು ಕಾವೇರಿ ಶಿವನಸಮುದ್ರದಲ್ಲಿ ಧುಮುಕುವ ರಭಸವನ್ನು ಕೆಲಸಕ್ಕೆ ಹಚ್ಚಬಹುದೆಂದು ಯೋಜನೆ ಹಾಕಿದರು. ಅಲ್ಲಿ ಚಕ್ರ ತಿರುಗಿಸಿ, ಅದರ ಕಸುವನ್ನು ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ತಂತಿಯ ಮೇಲೆ ತರಬೇಕು. ಆ ಕಾಲಕ್ಕೆ ಪ್ರಪಂಚದಲ್ಲಿಯೇ ಅತಿ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1902ರ ಜೂನ್ 30ರಂದು ಕರೆಂಟು ಗಣಿಗೆ ಬಂದು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಆಮೇಲೆ, 1905ರಲ್ಲಿ. ಬೆಂಗಳೂರಿಗಿಂತ ಮೊದಲು ನಮ್ಮ ಜಿಲ್ಲೆಗೆ ಕರೆಂಟು ಬಂದಿತ್ತೆಂದರೆ ಮಕ್ಕಳ ಮುಖ ಅರಳುತ್ತದೆ.

ಈ ಕಥೆಯಲ್ಲಿ ಎರಡು ತಿರುಳುಗಳಿವೆ. ಒಂದನೆಯದು, ಬೇಸಿಗೆಯಲ್ಲಿ ಕಾವೇರಿ ಇಳಿದರೆ ಗಣಿಯ ಕರೆಂಟೂ ಇಳಿಯುತ್ತಿತ್ತು. ಹರಿಯುವ ನೀರು ಮರಳಿ ಬರುವುದೇನೋ ನಿಜ. ಆದರೆ ನಾವು ಕೇಳಿದ ದಿನವೇ ಬರುವುದಿಲ್ಲ. ಮಳೆಗಾಲದ ನೀರನ್ನು ಬೇಸಿಗೆಗೆ ಹಿಡಿದಿಡಬೇಕು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾದುದಕ್ಕೆ ಬೇಸಾಯದ ಜೊತೆಗೆ ಇದೂ ಒಂದು ಕಾರಣ. ಅದರ ಹಿಂದೆ ನಿಂತ ಚೀಫ್ ಎಂಜಿನಿಯರ್ ವಿಶ್ವೇಶ್ವರಯ್ಯನವರು ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯವರು. ಇಂದು ಬಿಸಿಲಿನ ಕರೆಂಟನ್ನು ರಾತ್ರಿಗೆ ಬ್ಯಾಟರಿಯಲ್ಲಿ ಹಿಡಿದಿಡುವ ಪ್ರಯತ್ನವೂ ಇದೇ ಜಾತಿಯದು. “ರಾತ್ರಿ ಬಿಸಿಲೆಲ್ಲಿ?” ಎಂದು ಮಗು ಕೇಳಿದರೆ ಅದು ಬಹಳ ಸರಿಯಾದ ಪ್ರಶ್ನೆಯೆಂದು ಮೆಚ್ಚಿ, ಕನ್ನಂಬಾಡಿಯ ಕಥೆ ಹೇಳಿ.

ಎರಡನೆಯ ತಿರುಳು ಇನ್ನೂ ದೊಡ್ಡದು. ನೂರಿಪ್ಪತ್ತು ವರ್ಷಗಳ ಕಾಲ ಅಗೆದು, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಗೆದ ಚಿನ್ನ ಮತ್ತೆ ಹುಟ್ಟಲಿಲ್ಲ. ಉಳಿದದ್ದನ್ನು ತೆಗೆಯುವ ಖರ್ಚು ಅದರ ಬೆಲೆಯನ್ನು ಮೀರಿತು. ಕಾವೇರಿಯೋ ಪ್ರತಿ ಮಳೆಗಾಲದಲ್ಲಿಯೂ ಶಿವನಸಮುದ್ರದಲ್ಲಿ ಧುಮುಕುತ್ತಲೇ ಇದೆ. ಮುಗಿಯುವ ಸಂಪತ್ತು ಯಾವುದು, ಮರಳುವ ಸಂಪತ್ತು ಯಾವುದು ಎಂಬುದನ್ನು ತೋರಿಸುವುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕಿಲ್ಲ. ಬಂಗಾರಪೇಟೆಯ ಕಡೆ ಹೋದಾಗ ಮಕ್ಕಳಿಗೆ ಗಣಿಯ ಸಯನೈಡ್ ದಿಬ್ಬಗಳನ್ನು ದೂರದಿಂದ ತೋರಿಸಬಹುದು. ಅದೇ ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ 2009–10ರ ಹೊತ್ತಿಗೆ ಕರ್ನಾಟಕ ವಿದ್ಯುತ್ ನಿಗಮವು 3 ಮೆಗಾವ್ಯಾಟ್ ಸೌರವಿದ್ಯುತ್ ಸ್ಥಾವರವನ್ನು ಕಟ್ಟಿಸಿತು. ಆ ಕಾಲಕ್ಕೆ ದೇಶದಲ್ಲೇ ಅಷ್ಟು ದೊಡ್ಡ ಸೌರಸ್ಥಾವರಗಳು ಬೆರಳೆಣಿಕೆಯಷ್ಟಿದ್ದವು. ಆಮೇಲೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟಿನ ಸೌರ ಉದ್ಯಾನವೇ ಬೆಳೆದು ನಿಂತಿತು.

ಇನ್ನು ಮನೆಯಲ್ಲಿ ಮಾಡಿ ನೋಡಬಹುದಾದ ಕೆಲವು ಪ್ರಯೋಗಗಳು. ಒಂದೇ ಅಳತೆಯ ಎರಡು ಡಬ್ಬಿಗಳನ್ನು ತೆಗೆದುಕೊಂಡು ಒಂದಕ್ಕೆ ಹೊರಗಡೆ ಮಸಿ ಬಳಿಯಿರಿ, ಇನ್ನೊಂದು ಬೆಳ್ಳಗಿರಲಿ. ಎರಡಕ್ಕೂ ಸಮನಾಗಿ ನೀರು ತುಂಬಿ ಬಿಸಿಲಲ್ಲಿಟ್ಟು ಮಧ್ಯಾಹ್ನ ಬೆರಳಿಟ್ಟು ನೋಡಲಿ. ಯಾವುದು ಹೆಚ್ಚು ಕಾದಿದೆ? ಮಹಡಿಯ ಮೇಲಿನ ಬಿಸಿನೀರಿನ ಸೋಲಾರ್‌ಗೆ ಕಪ್ಪು ಬಣ್ಣವೇಕೆಂಬುದಕ್ಕೆ ಉತ್ತರ ಅಲ್ಲಿದೆ. ಸಂಡಿಗೆ ಹಪ್ಪಳ ಒಣಗಿಸುವ ದಿನ ಒಂದು ಹಿಡಿಯನ್ನು ನೆರಳಿನಲ್ಲಿಟ್ಟು ಉಳಿದದ್ದನ್ನು ಬಿಸಿಲಲ್ಲಿಡಿ. ಕಾಸು ಖರ್ಚಿಲ್ಲದೆ ಸೂರ್ಯ ಮಾಡಿದ ಕೆಲಸ ಎಷ್ಟೆಂದು ಕಾಣುತ್ತದೆ. ಜಾತ್ರೆಯಲ್ಲಿ ಮಾರುವ ಕಾಗದದ ಗಿರಿಗಿಟ್ಲೆಯನ್ನು ಮನೆಯಲ್ಲೇ ಮಾಡಿ, ಆಷಾಢದ ಗಾಳಿಯಲ್ಲಿ ಒಮ್ಮೆ, ಗಾಳಿಯಿಲ್ಲದ ಚೈತ್ರದ ಮಧ್ಯಾಹ್ನ ಒಮ್ಮೆ ಹಿಡಿಯಲಿ. ಚಿತ್ರದುರ್ಗದ ಬೆಟ್ಟಗಳ ಮೇಲಿನ ಗಾಳಿಯಂತ್ರಗಳೂ ಎಲ್ಲ ತಿಂಗಳೂ ಒಂದೇ ಸಮನೆ ತಿರುಗುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಡೈನಮೋ ಇರುವ ಹಳೆಯ ಸೈಕಲ್ಲು ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಡೈನಮೋ ಚಕ್ರಕ್ಕೆ ತಾಗಿದೊಡನೆ ತುಳಿಯುವುದು ಕಷ್ಟವಾಗುತ್ತದೆ. ದೀಪ ಪುಕ್ಕಟೆಯಾಗಿ ಉರಿಯುವುದಿಲ್ಲ ಎಂಬ ಸತ್ಯವನ್ನು ಮಗು ತೊಡೆಯಲ್ಲೇ ಅನುಭವಿಸುತ್ತದೆ. ರೇಡಿಯೊದಿಂದ ತೆಗೆದ ಮುಗಿದುಹೋದ ಸೆಲ್ಲುಗಳನ್ನೂ, ಮತ್ತೆ ಮತ್ತೆ ತುಂಬಿಸಿಕೊಳ್ಳುವ ಮೊಬೈಲ್ ಬ್ಯಾಟರಿಯನ್ನೂ ಹೋಲಿಸಿ ಹೇಳಬಹುದು. ಆದರೆ ಸೆಲ್ಲನ್ನು ಒಡೆದು ನೋಡಲು ಬಿಡಕೂಡದು. ಗೋಡೆಯ ಪ್ಲಗ್ಗಿನ ಬಳಿ ಯಾವ ಪ್ರಯೋಗವೂ ಬೇಡ. ಸೂರ್ಯನನ್ನು ನೇರವಾಗಿ ನೋಡಕೂಡದೆಂಬುದನ್ನೂ ಮೊದಲೇ ಹೇಳಿ.

ಊರಿನಲ್ಲಿಯೂ ಪಾಠಗಳಿವೆ. ಹಳ್ಳಿಯ ನೆಂಟರ ಮನೆಗೆ ಹೋದಾಗ ಗೋಬರ್ ಗ್ಯಾಸಿನ ಗುಂಡಿ ಇದ್ದರೆ ತೋರಿಸಿ. ಸಗಣಿಯನ್ನು ನೀರಿನಲ್ಲಿ ಕದಡಿ ಗಾಳಿಯಾಡದ ಗುಮ್ಮಟದೊಳಗೆ ಬಿಟ್ಟರೆ ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ಕೊಳೆಸಿ ಉರಿಯುವ ಅನಿಲ ಬಿಡುತ್ತವೆ. ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ. ಅತ್ತೆಯೋ ಅಜ್ಜಿಯೋ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುವುದು ತಪ್ಪುತ್ತದೆ. ಈ ಕೆಲಸದಲ್ಲಿ ತೊಡಗಿದ, ಕೋಲಾರದಲ್ಲೇ ನೆಲೆಗೊಂಡ ಎಸ್‌ಕೆಜಿ ಸಂಘಕ್ಕೆ 2007ರಲ್ಲಿ ಇಂಗ್ಲೆಂಡಿನ ಆಶ್‌ಡೆನ್ ಪ್ರಶಸ್ತಿ ಬಂತು. ಮಾಲೂರಿನ ಹೆಂಚು ಇಟ್ಟಿಗೆಗಳ ಗೂಡುಗಳನ್ನು ತೋರಿಸಿ, ಮಣ್ಣು ಕಲ್ಲಿನಂತಾಗಬೇಕಾದರೆ ಎಷ್ಟು ಉರಿ ಬೇಕಾಯಿತೆಂದು ಕೇಳಿ. ನೀಲಗಿರಿ ತೋಪಿನ ಬಳಿ ನಿಂತಾಗ ಒಂದು ಕಠಿಣವಾದ ಪ್ರಶ್ನೆಯನ್ನೂ ಎತ್ತಬಹುದು. ನೀಲಗಿರಿಯನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಆ ಲೆಕ್ಕಕ್ಕೆ ಅದು ಮರಳುವ ಸೌದೆ. ಆದರೆ ಅದು ನೀರನ್ನು ಹೆಚ್ಚಾಗಿ ಹೀರುತ್ತದೆಂಬ ದೂರಿನ ಮೇಲೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಲ್ಲಿಸಿತು. ಒಂದು ಮರಳಿ ಬರುವುದಕ್ಕಾಗಿ ಇನ್ನೊಂದು ಮುಗಿದುಹೋದರೆ ಲಾಭವೇ ನಷ್ಟವೇ ಎಂದು ದೊಡ್ಡ ಮಕ್ಕಳು ಚರ್ಚೆ ಮಾಡಲಿ.

ಇದೇ ವಿವೇಕ ಸೌರಪಂಪಿನ ವಿಷಯದಲ್ಲಿಯೂ ಬೇಕು. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಸುಮ್ ಯೋಜನೆ ರೈತರಿಗೆ ಸೌರಪಂಪಿನ ದಾರಿ ತೋರಿಸಿತು. ನಡುರಾತ್ರಿ ತ್ರೀಫೇಸ್ ಕರೆಂಟಿಗಾಗಿ ಕಾದು, ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಹೋಗುವ ಕಷ್ಟ ಇದರಿಂದ ತಪ್ಪುತ್ತದೆ. ಅದು ನಿಜವಾದ ಉಪಕಾರ. ಆದರೆ ಬಿಸಿಲು ಪುಕ್ಕಟೆ, ಪಂಪು ದಿನವೆಲ್ಲ ಓಡಲಿ ಎಂದುಕೊಂಡರೆ ಕಡಲೆಕಾಯಿ ಬಟ್ಟಲಿನಿಂದ ದಿನಕ್ಕೆ ಎಂಟು ತೆಗೆದಂತಾಗುತ್ತದೆ. ಆಳಕ್ಕೆ ಹೋದಷ್ಟೂ ಫ್ಲೋರೈಡಿನ ಕಾಟವೂ ಇದೆ. ಹಲ್ಲಿನ ಮೇಲೆ ಕಂದು ಕಲೆಗಳಾದ ಮಕ್ಕಳನ್ನು ಈ ಜಿಲ್ಲೆಯಲ್ಲಿ ಯಾರು ಕಂಡಿಲ್ಲ? ಆ ನೀರನ್ನು ಶುದ್ಧಿಮಾಡುವ ಘಟಕಕ್ಕೆ ಮತ್ತೆ ಕರೆಂಟು ಬೇಕು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರ ಕೆರೆ. ಆ ನೀರನ್ನು ಕೊಳವೆಗಳಲ್ಲಿ ತಳ್ಳಿ ತರುವುದೂ ವಿದ್ಯುತ್ ಪಂಪುಗಳೇ. ನೀರಿನ ಪಾಠವನ್ನೂ ಶಕ್ತಿಯ ಪಾಠವನ್ನೂ ಈ ಸೀಮೆಯಲ್ಲಿ ಬೇರೆ ಬೇರೆಯಾಗಿ ಹೇಳಿಕೊಡುವುದು ಸಾಧ್ಯವಿಲ್ಲ. ಮಳೆನೀರನ್ನು ಕೆರೆಯಲ್ಲಿ ಹಿಡಿದು ಬಾವಿಗೆ ಇಂಗಿಸಿದ ನಮ್ಮ ಹಿರಿಯರು, ಸೂರ್ಯನೇ ಎತ್ತಿ ತಂದ ನೀರನ್ನು ಆಳಕ್ಕೆ ಜಾರಿಹೋಗದಂತೆ ತಡೆದು ನಿಲ್ಲಿಸಿದ್ದರು.

ಮಗುವಿನ ಪ್ರಶ್ನೆ ನಮ್ಮ ತಿಳಿವಳಿಕೆಯನ್ನು ದಾಟಿದಾಗ ಶಾಲೆಯ ಮೇಷ್ಟರನ್ನು ಕೇಳುವುದರಲ್ಲಿ ಸಂಕೋಚವಿಲ್ಲ. ನಮ್ಮ ಗಡಿಯಾಚೆ ಕುಪ್ಪಂ ಬಳಿ ಅಗಸ್ತ್ಯ ಪ್ರತಿಷ್ಠಾನದವರು ಮಕ್ಕಳಿಗಾಗಿಯೇ ವಿಜ್ಞಾನದ ತಾಣವೊಂದನ್ನು ಕಟ್ಟಿದ್ದಾರೆ. 1999ರಲ್ಲಿ ಹುಟ್ಟಿದ ಈ ಸಂಸ್ಥೆ ಪ್ರಯೋಗಶಾಲೆಯನ್ನು ವಾಹನದ ಮೇಲೆ ಹಳ್ಳಿಯ ಶಾಲೆಗಳಿಗೂ ಕೊಂಡೊಯ್ಯುತ್ತದೆ. ಶಾಲೆಯ ಪ್ರವಾಸಕ್ಕೆ ಸ್ಥಳ ಹುಡುಕುವಾಗ ಇದನ್ನು ನೆನಪಿಡಬಹುದು.

ಈ ತಿಂಗಳು ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಸೂಚಿಸಿ ಮುಗಿಸುತ್ತೇನೆ. ಕರೆಂಟಿನ ಬಿಲ್ಲು ಬಂದಾಗ ಅದನ್ನು ಮಗುವಿನ ಕೈಗೆ ಕೊಡಿ. ಯೂನಿಟ್ಟಿನ ಅಂಕಿಯನ್ನು ಕ್ಯಾಲೆಂಡರಿನ ಹಿಂದೆ ಅದೇ ಬರೆಯಲಿ. ಹಳೆಯ ಅರವತ್ತು ವ್ಯಾಟಿನ ಬಲ್ಬು ಒಂದು ಯೂನಿಟ್ಟಿನಲ್ಲಿ ಹದಿನಾರೂವರೆ ಗಂಟೆ ಉರಿದರೆ, ಒಂಬತ್ತು ವ್ಯಾಟಿನ ಎಲ್‌ಇಡಿ ನೂರ ಹನ್ನೊಂದು ಗಂಟೆ ಉರಿಯುತ್ತದೆಂದು ಹೇಳಿಕೊಡಿ. ಮುಂದಿನ ತಿಂಗಳ ಅಂಕಿ ಏನಾಗಬೇಕು, ಅದಕ್ಕೆ ಯಾವ ಸ್ವಿಚ್ಚನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಮನೆಯವರೆಲ್ಲ ಕೂತು ಗೊತ್ತುಮಾಡಿಕೊಳ್ಳಿ. ನೀರಿನ ತೊಟ್ಟಿ ತುಂಬಿದೊಡನೆ ಮೋಟಾರು ನಿಲ್ಲಿಸುವ ಜವಾಬ್ದಾರಿಯನ್ನು, ಸ್ವಿಚ್ಚು ಎಟುಕುವ ವಯಸ್ಸಿನವರಿದ್ದರೆ, ಅವರಿಗೇ ಒಪ್ಪಿಸಿ. ಮೂರು ತಿಂಗಳು ಕಳೆಯುವುದರೊಳಗೆ ಕರೆಂಟು ಎಲ್ಲಿಂದ ಬಂತೆಂಬ ಪ್ರಶ್ನೆಯ ಜೊತೆಗೆ, ಅದು ಎಲ್ಲಿ ಹೋಗುತ್ತಿದೆ ಎಂಬುದನ್ನೂ ಮಗುವೇ ನಮಗೆ ತೋರಿಸಿಕೊಡುತ್ತದೆ.